ಅರ್ಧ ಗಂಟೆಯ ಬಾಧ್ಯತೆ: ಖಾಸಗಿ ವಾಹಿನಿಗಳು ಮತ್ತು ಸಾರ್ವಜನಿಕ ಸೇವೆಯ ನಾಳೆ

ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೂ ಬಂಗಾಳ ಕ್ರಿಕೆಟ್ ಸಂಸ್ಥೆಗೂ ನಡುವೆ ಎದ್ದ ವ್ಯಾಜ್ಯದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ 1995ರ ಫೆಬ್ರವರಿ 9ರಂದು ನೀಡಿದ ತೀರ್ಪು ಎರಡು ಮಾತುಗಳನ್ನು ಒಟ್ಟಿಗೆ ಹೇಳಿತು. ವಾಯುತರಂಗಗಳು ಸಾರ್ವಜನಿಕ ಸ್ವತ್ತು, ಆದುದರಿಂದ ಅವುಗಳ ಬಳಕೆ ಸಾರ್ವಜನಿಕ ಹಿತಕ್ಕೆ ಒಳಪಟ್ಟಿರಬೇಕು ಎಂಬುದು ಮೊದಲನೆಯದು. ಆ ಬಳಕೆಯನ್ನು ನಿಯಂತ್ರಿಸಲು ಸಮಾಜದ ಎಲ್ಲ ವರ್ಗಗಳನ್ನೂ ಪ್ರತಿನಿಧಿಸುವ ಸ್ವತಂತ್ರ, ಸ್ವಾಯತ್ತ ಪ್ರಾಧಿಕಾರವೊಂದನ್ನು ತಡಮಾಡದೆ ರಚಿಸಬೇಕು ಎಂಬುದು ಎರಡನೆಯದು. ಮೊದಲ ಮಾತನ್ನು ಅಲ್ಲಿಂದಾಚೆಗೆ ಸರ್ಕಾರದ ಕಾಗದಪತ್ರಗಳು ಮತ್ತೆಮತ್ತೆ ಉದ್ಧರಿಸುತ್ತ ಬಂದಿವೆ. ಎರಡನೆಯ ಮಾತಿಗೆ ಆ ಭಾಗ್ಯ ಸಿಗಲಿಲ್ಲ. ಖಾಸಗಿ ಟೆಲಿವಿಷನ್ ವಾಹಿನಿಗಳ ಸಾರ್ವಜನಿಕ ಸೇವಾ ಬಾಧ್ಯತೆಯ ಕುರಿತು ಇಂದು ಎದ್ದಿರುವ ಗೊಂದಲಗಳಲ್ಲಿ ಬಹುಪಾಲು ಈ ಅರೆಪಾಲನೆಯಿಂದಲೇ ಹುಟ್ಟಿದವು ಎಂಬುದನ್ನು ಈ ಉಪನ್ಯಾಸ ತೋರಿಸಲು ಯತ್ನಿಸುತ್ತದೆ.

ಸಾರ್ವಜನಿಕ ಸೇವಾ ಬಾಧ್ಯತೆ ಎಂದರೆ, ಲಾಭಕ್ಕಾಗಿ ನಡೆಯುವ ವಾಹಿನಿಯೊಂದು ತಾನಾಗಿ ಮಾಡಲಾರದ, ಮಾಡಿದರೂ ಸಾಕಷ್ಟು ಮಾಡಲಾರದ ಕೆಲಸವನ್ನು ಕಾನೂನಿನ ಮೂಲಕ ಅದರ ಮೇಲೆ ಹೊರಿಸುವುದು. ಇದನ್ನು ನಿಷೇಧದೊಂದಿಗೆ ಬೆರೆಸಿ ನೋಡಬಾರದು. 1994ರ ಕೇಬಲ್ ಟೆಲಿವಿಷನ್ ನಿಯಮಾವಳಿಯಲ್ಲಿರುವ ಕಾರ್ಯಕ್ರಮ ಸಂಹಿತೆ ಏನನ್ನು ತೋರಿಸಕೂಡದು ಎಂದು ಉದ್ದಕ್ಕೆ ಪಟ್ಟಿಮಾಡುತ್ತದೆ. ಬಾಧ್ಯತೆಯಾದರೋ ಏನನ್ನು ತೋರಿಸಲೇಬೇಕು ಎಂದು ಹೇಳುತ್ತದೆ. ಇದರ ಅಗತ್ಯವಾದರೂ ಏನು ಎಂಬ ಪ್ರಶ್ನೆಗೆ ಅರ್ಥಶಾಸ್ತ್ರ ಕೊಡುವ ಉತ್ತರ ಸರಳವಾಗಿದೆ: ಜಾಹೀರಾತಿನಿಂದ ಬದುಕುವ ವಾಹಿನಿಗೆ ಗಿರಾಕಿ ಜಾಹೀರಾತುದಾರನೇ ಹೊರತು ವೀಕ್ಷಕನಲ್ಲ, ಆದ್ದರಿಂದ ಕೊಳ್ಳುವ ಶಕ್ತಿ ಕಡಿಮೆಯಿರುವವರು, ಅಂದರೆ ಮಕ್ಕಳು, ಕೃಷಿ ಕೂಲಿಕಾರರು, ಕಿವಿ ಕೇಳಿಸದವರು, ಸಣ್ಣ ಭಾಷೆಗಳನ್ನಾಡುವವರು, ಟಿಆರ್‌ಪಿಯ ಲೆಕ್ಕದಲ್ಲಿ ಹಗುರವಾಗಿಬಿಡುತ್ತಾರೆ. ಈ ಕೊರತೆಯನ್ನು ತುಂಬಿಕೊಡಲು ಪ್ರಸಾರ ಭಾರತಿಯಂಥ ಸಾರ್ವಜನಿಕ ಸಂಸ್ಥೆ ಇರುವಾಗ ಖಾಸಗಿಯವರ ಮೇಲೇಕೆ ಭಾರ ಎಂದು ಕೇಳುವವರಿದ್ದಾರೆ. ಜನ ನೋಡುತ್ತಿರುವುದು ಖಾಸಗಿ ವಾಹಿನಿಗಳನ್ನಾದ್ದರಿಂದ, ಯಾರೂ ಹೆಚ್ಚಾಗಿ ಹಾಯದ ಓಣಿಯಲ್ಲಿ ಒಳ್ಳೆಯದನ್ನೆಲ್ಲ ಇಟ್ಟು ಕೈತೊಳೆದುಕೊಳ್ಳುವುದು ಸಾಕಾಗದು ಎಂಬುದೇ ಅದಕ್ಕಿರುವ ಪ್ರತ್ಯುತ್ತರ.

ಈ ಬಗೆಯ ಬಾಧ್ಯತೆಯನ್ನು ಅತ್ಯಂತ ವ್ಯವಸ್ಥಿತವಾಗಿ ರೂಪಿಸಿದ ದೇಶ ಬ್ರಿಟನ್. 1954ರ ಟೆಲಿವಿಷನ್ ಕಾಯ್ದೆಯ ಫಲವಾಗಿ 1955ರ ಸೆಪ್ಟೆಂಬರ್ 22ರಂದು ಲಂಡನ್ನಿನಲ್ಲಿ ಐಟಿವಿ ಆರಂಭವಾದಾಗ ಅದು ಒಂದು ಕಂಪನಿಯಾಗಿರದೆ, ಪ್ರದೇಶಕ್ಕೊಂದರಂತೆ ಪರವಾನಗಿ ಪಡೆದ ಹಲವು ಕಂಪನಿಗಳ ಜಾಲವಾಗಿತ್ತು. ಆಯಾ ಪ್ರದೇಶದಲ್ಲಿ ಟೆಲಿವಿಷನ್ ಜಾಹೀರಾತಿನ ಏಕಸ್ವಾಮ್ಯ ಆ ಕಂಪನಿಗೆ ದೊರೆಯುತ್ತಿತ್ತು. ಪ್ರತಿಯಾಗಿ ಅದು ಪ್ರಾದೇಶಿಕ ಸುದ್ದಿ, ಪ್ರಚಲಿತ ವಿದ್ಯಮಾನ, ಮಕ್ಕಳ ಹಾಗೂ ಧಾರ್ಮಿಕ ಕಾರ್ಯಕ್ರಮಗಳನ್ನು ಕೊಡಬೇಕಿತ್ತು. ಕೊಟ್ಟು ತೆಗೆದುಕೊಳ್ಳುವ ಈ ಒಪ್ಪಂದಕ್ಕೆ ಹಲ್ಲುಗಳಿದ್ದವು: ವೇಲ್ಸ್ ಪ್ರದೇಶದ ಪರವಾನಗಿ ಪಡೆದಿದ್ದ ಟಿಡಬ್ಲ್ಯುಡಬ್ಲ್ಯು ಎಂಬ ಕಂಪನಿ 1967ರ ಮರುಹಂಚಿಕೆಯಲ್ಲಿ ಅದನ್ನು ಕಳೆದುಕೊಂಡಿತು. ಬಾಧ್ಯತೆ ಬಂದರೆ ಲಾಭ ಸೊರಗುತ್ತದೆ ಎಂಬ ವಾದಕ್ಕೆ ಮ್ಯಾಂಚೆಸ್ಟರಿನ ಗ್ರನಾಡಾ ಕಂಪನಿಯ ಚರಿತ್ರೆಯೇ ಉತ್ತರ ಕೊಡುತ್ತದೆ. 1960ರಲ್ಲಿ ಆರಂಭವಾಗಿ ಇಂದಿಗೂ ನಡೆಯುತ್ತಿರುವ, ಉತ್ತರ ಇಂಗ್ಲೆಂಡಿನ ಕಾರ್ಮಿಕರ ಕೇರಿಯೊಂದರ ಕಥೆಯಾದ ಕಾರೊನೇಷನ್ ಸ್ಟ್ರೀಟ್ ಧಾರಾವಾಹಿಯಿಂದ ಹಣ ಗಳಿಸಿದ ಅದೇ ಕಂಪನಿ, 1963ರಿಂದ 1998ರವರೆಗೆ ವರ್ಲ್ಡ್ ಇನ್ ಆ್ಯಕ್ಷನ್ ಎಂಬ ತನಿಖಾ ಕಾರ್ಯಕ್ರಮವನ್ನೂ ನಡೆಸಿತು. ಲಂಡನ್ನಿನ ಹೊರಗೆ ಬೇರೂರಬೇಕೆಂಬ ಷರತ್ತು ಇಲ್ಲದಿದ್ದರೆ ಇವೆರಡೂ ಹುಟ್ಟುತ್ತಿದ್ದವೇ ಎಂಬುದು ಸಂದೇಹ.

ಒಪ್ಪಂದ ಸಡಿಲವಾದ ಬಗೆ ಇನ್ನೂ ಬೋಧಪ್ರದವಾಗಿದೆ. 1990ರ ಪ್ರಸಾರ ಕಾಯ್ದೆ ಪರವಾನಗಿಗಳನ್ನು ಹರಾಜಿಗಿಟ್ಟಿತು, ಗುಣಮಟ್ಟದ ಒಂದು ಹೊಸ್ತಿಲನ್ನು ದಾಟಿದವರಲ್ಲಿ ಸಾಮಾನ್ಯವಾಗಿ ಹೆಚ್ಚು ಹಣ ಕೂಗಿದವರಿಗೇ ಪ್ರದೇಶ ದಕ್ಕಿತು. ಎದುರಾಳಿಗಳೇ ಇಲ್ಲದ ಕಡೆ ಹರಾಜು ನಗೆಪಾಟಲಾಯಿತು: ಇಂಗ್ಲೆಂಡಿನ ಮಧ್ಯಭಾಗದ ದೊಡ್ಡ ಪ್ರದೇಶವನ್ನು ಸೆಂಟ್ರಲ್ ಕಂಪನಿ ವರ್ಷಕ್ಕೆ ಕೇವಲ 2,000 ಪೌಂಡುಗಳ ಬಿಡ್ಡಿಗೆ ಉಳಿಸಿಕೊಂಡಿತು. ಸಾರ್ವಜನಿಕ ಸ್ವತ್ತಿನ ಬೆಲೆಯನ್ನು ಹರಾಜಿನ ಸುತ್ತಿಗೆಗೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನ ಬೇಕಿಲ್ಲ. ಮುಂದೆ ಉಪಗ್ರಹ ಹಾಗೂ ಡಿಜಿಟಲ್ ವಾಹಿನಿಗಳು ಬಂದು ಜಾಹೀರಾತಿನ ಏಕಸ್ವಾಮ್ಯವನ್ನು ಕರಗಿಸಿದಂತೆ ಐಟಿವಿ ತನ್ನ ಹೊರೆಯನ್ನು ಇಳಿಸಬೇಕೆಂದು ಕೇಳತೊಡಗಿತು, ಮತ್ತು ಹೊರೆ ಇಳಿಯುತ್ತಲೂ ಹೋಯಿತು. 2003ರ ಸಂಪರ್ಕ ಕಾಯ್ದೆ ಮಕ್ಕಳ ಕಾರ್ಯಕ್ರಮಗಳನ್ನು ಕಡ್ಡಾಯದ ಪಟ್ಟಿಯಿಂದ ವಾಹಿನಿಗಳ ವಿವೇಚನೆಯ ಪಟ್ಟಿಗೆ ಸರಿಸಿತು. ಕೆಲವೇ ವರ್ಷಗಳಲ್ಲಿ ವಾಣಿಜ್ಯ ವಾಹಿನಿಗಳಲ್ಲಿ ಸ್ಥಳೀಯವಾಗಿ ತಯಾರಾಗುವ ಮಕ್ಕಳ ಕಾರ್ಯಕ್ರಮ ಬಡವಾಯಿತು. 2009ರಲ್ಲಿ ಪ್ರಾದೇಶಿಕ ಸುದ್ದಿಯ ಬಾಧ್ಯತೆಯೂ ಹಗುರವಾಯಿತು. ಸವಲತ್ತಿನ ಬೆಲೆ ಇಳಿದಂತೆ ಬಾಧ್ಯತೆಯ ತೂಕವೂ ಇಳಿಯುತ್ತದೆ ಎಂಬ ನಿಯಮ ಇಲ್ಲಿ ನಿಚ್ಚಳವಾಗಿ ಕಾಣುತ್ತದೆ. ಬ್ರಿಟನ್ನಿನ ಸಂಸತ್ತು ಕಂಡುಕೊಂಡ ಪರಿಹಾರವೆಂದರೆ ಸವಲತ್ತನ್ನೇ ಹೊಸದಾಗಿ ಸೃಷ್ಟಿಸುವುದು. 2024ರ ಮಾಧ್ಯಮ ಕಾಯ್ದೆಯ ಪ್ರಕಾರ ಬಾಧ್ಯತೆ ಹೊತ್ತ ವಾಹಿನಿಗಳ ಅಂತರ್ಜಾಲ ಸೇವೆಗಳಿಗೆ ಸ್ಮಾರ್ಟ್ ಟಿವಿಗಳ ತೆರೆಯ ಮೇಲೆ ಎದ್ದುಕಾಣುವ ಜಾಗ ಕೊಡಬೇಕು. ತರಂಗಾಂತರದ ಕೊರತೆ ಹೋಗಿ ಕಣ್ಣಿಗೆ ಬೀಳುವ ಜಾಗದ ಕೊರತೆ ಬಂದಿರುವ ಕಾಲದಲ್ಲಿ ಇದು ಜಾಣ ನಡೆ.

ಅಮೆರಿಕದ ದಾರಿ ಬೇರೆ, ಅದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಒಂದು ಪ್ರಸಂಗ ಮಾತ್ರ ಸಾಕು. 1990ರ ಮಕ್ಕಳ ಟೆಲಿವಿಷನ್ ಕಾಯ್ದೆ ಮಕ್ಕಳ ಶೈಕ್ಷಣಿಕ ಅಗತ್ಯಗಳಿಗೆ ಸ್ಪಂದಿಸಬೇಕೆಂದು ಟಿವಿ ಕೇಂದ್ರಗಳಿಗೆ ವಿಧಿಸಿದಾಗ, ಲೆಕ್ಕ ಒಪ್ಪಿಸಬೇಕಾದ ಕೆಲವು ಕೇಂದ್ರಗಳು ಜೆಟ್ಸನ್ಸ್ ಎಂಬ ಹಳೆಯ ಕಾರ್ಟೂನು ಮಾಲಿಕೆಯನ್ನೇ ಶೈಕ್ಷಣಿಕವೆಂದು ಬರೆದುಕೊಟ್ಟವು, ಅದು ಮುಂದಿನ ಶತಮಾನದ ಬದುಕನ್ನು ಮಕ್ಕಳಿಗೆ ಪರಿಚಯಿಸುತ್ತದೆಂಬುದು ಅವರ ಸಮರ್ಥನೆ. 1996ರಲ್ಲಿ ವಾರಕ್ಕೆ ಮೂರು ಗಂಟೆಯೆಂಬ ಸ್ಪಷ್ಟ ಪ್ರಮಾಣ ಬರುವವರೆಗೆ ಇಂಥ ಲೆಕ್ಕಗಳನ್ನು ತಡೆಯುವುದು ಕಷ್ಟವಾಗಿತ್ತು. ಅಳತೆಗೋಲನ್ನು ಅಳೆಯಿಸಿಕೊಳ್ಳುವವನ ಕೈಗೇ ಕೊಟ್ಟರೆ ಫಲ ಏನೆಂಬುದು ಭಾರತದ ಸಂದರ್ಭದಲ್ಲಿಯೂ ನೆನಪಿಡತಕ್ಕ ವಿಷಯ.

ಭಾರತದಲ್ಲಿ ಕಥೆ ತಲೆಕೆಳಗಾಗಿ ನಡೆಯಿತು. ಇಲ್ಲಿ ಟೆಲಿವಿಷನ್ ಹುಟ್ಟಿದ್ದೇ ಸಾರ್ವಜನಿಕ ಸೇವೆಯ ಹೆಸರಿನಲ್ಲಿ: 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಸೈಟ್ ಪ್ರಯೋಗ, ಅಂದರೆ ಉಪಗ್ರಹದ ಮೂಲಕ ಹಳ್ಳಿಗಳಿಗೆ ನೇರವಾಗಿ ಶಿಕ್ಷಣ ಮುಟ್ಟಿಸುವ ಪ್ರಯೋಗ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ತಲುಪಿತು, ಅವುಗಳಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಬೆಂಗಳೂರಿಗಿಂತ ಮೊದಲು ಉತ್ತರ ಕರ್ನಾಟಕದ ಹಳ್ಳಿಗಳು ಟೆಲಿವಿಷನ್ ಕಂಡವೆಂಬುದು ಇಂದಿನ ಮಾಧ್ಯಮ ಭೂಪಟವನ್ನು ನೋಡುವವರಿಗೆ ನಂಬಲು ಕಷ್ಟವಾಗಬಹುದು. ಆದರೆ 1990ರ ದಶಕದ ಆರಂಭದಲ್ಲಿ ಖಾಸಗಿ ವಾಹಿನಿಗಳು ಬಂದದ್ದು ಪರವಾನಗಿಯ ಬಾಗಿಲಿನಿಂದಲ್ಲ. ಸ್ಟಾರ್ ವಾಹಿನಿಗಳ ಸಂಕೇತ ಹಾಂಗ್‌ಕಾಂಗ್‌ನಿಂದ ಉಪಗ್ರಹಕ್ಕೇರಿ ಇಲ್ಲಿನ ಡಿಶ್ಶುಗಳಿಗೆ ಇಳಿಯುತ್ತಿತ್ತು. ಬೀದಿಯ ಕೇಬಲ್‌ನವನು ಅದನ್ನು ಮನೆಮನೆಗೆ ಎಳೆಯುತ್ತಿದ್ದ. ಪರವಾನಗಿ ಕೊಡುವ ಘಳಿಗೆಯಲ್ಲಿ ಮಾತ್ರ ಷರತ್ತು ವಿಧಿಸುವ ಬಲ ಪ್ರಭುತ್ವಕ್ಕಿರುತ್ತದೆ, ಭಾರತ ಆ ಘಳಿಗೆಯನ್ನೇ ಕಾಣಲಿಲ್ಲ. 1995ರ ಕೇಬಲ್ ಕಾಯ್ದೆ ನಿಯಂತ್ರಿಸಿದ್ದು ಮುಖ್ಯವಾಗಿ ತಂತಿಯನ್ನು. ಅದರ ಎಂಟನೆಯ ಕಲಮಿನ ಪ್ರಕಾರ ದೂರದರ್ಶನದ ವಾಹಿನಿಗಳನ್ನು ಕಡ್ಡಾಯವಾಗಿ ಒಯ್ಯಬೇಕಾದವನು ಕೇಬಲ್ ನಿರ್ವಾಹಕ. ಹೀಗೆ ಬಹುಕಾಲ ಈ ದೇಶದಲ್ಲಿ ಖಾಸಗಿ ಟೆಲಿವಿಷನ್ನಿನ ಸಾರ್ವಜನಿಕ ಸೇವಾ ಬಾಧ್ಯತೆಯನ್ನು ಹೊತ್ತವರು ಕೋಟ್ಯಂತರ ರೂಪಾಯಿಯ ಜಾಹೀರಾತು ಗಳಿಸುವ ವಾಹಿನಿಗಳಲ್ಲ, ತಿಂಗಳ ಬಾಡಿಗೆ ವಸೂಲಿಗೆ ಮನೆಬಾಗಿಲಿಗೆ ಬರುತ್ತಿದ್ದ ಕೇಬಲ್‌ನವರು.

ವಾಹಿನಿಗಳ ಮೇಲೆ ನೇರವಾಗಿ ಬಿದ್ದ ಮೊದಲ ಗಟ್ಟಿ ಬಾಧ್ಯತೆ ಕ್ರೀಡೆಗೆ ಸಂಬಂಧಿಸಿದ್ದು. 2007ರ ಕ್ರೀಡಾ ಪ್ರಸಾರ ಸಂಕೇತಗಳ ಕಾಯ್ದೆಯು, ರಾಷ್ಟ್ರೀಯ ಮಹತ್ವದ್ದೆಂದು ಘೋಷಿತವಾದ ಪಂದ್ಯಗಳ ನೇರ ಸಂಕೇತವನ್ನು ಹಕ್ಕು ಕೊಂಡ ಖಾಸಗಿ ವಾಹಿನಿ ತನ್ನ ಜಾಹೀರಾತುಗಳಿಲ್ಲದೆ ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕೆಂದು ವಿಧಿಸಿತು; ದೂರದರ್ಶನ ಅದರಿಂದ ಗಳಿಸುವ ಜಾಹೀರಾತು ಆದಾಯದಲ್ಲಿ ನೂರಕ್ಕೆ ಕನಿಷ್ಠ 75 ಭಾಗ ಹಕ್ಕುದಾರನಿಗೆ ಸಲ್ಲುತ್ತದೆ. ಈ ಕಾಯ್ದೆಯ ಗುಣ ಅದರ ನಿಖರತೆಯಲ್ಲಿದೆ: ಏನು ಕೊಡಬೇಕು, ಯಾರಿಗೆ ಕೊಡಬೇಕು, ಪ್ರತಿಯಾಗಿ ಏನು ಸಿಗುತ್ತದೆ ಎಂಬುದರಲ್ಲಿ ಎರಡು ಅರ್ಥಕ್ಕೆ ಎಡೆ ಕಡಿಮೆ. ಇದ್ದ ಒಂದು ಎಡೆಯನ್ನೂ ಸುಪ್ರೀಂ ಕೋರ್ಟ್ 2017ರ ಆಗಸ್ಟ್‌ನಲ್ಲಿ ಮುಚ್ಚಿತು. ಹಂಚಿಕೊಂಡ ಸಂಕೇತ ದೂರದರ್ಶನದ ಭೂಪ್ರಸಾರ ಹಾಗೂ ಉಚಿತ ಡಿಟಿಎಚ್‌ಗೆ ಮಾತ್ರ, ಖಾಸಗಿ ಕೇಬಲ್ ಜಾಲಗಳ ಮೂಲಕ ಹಣ ಕೊಡಬಲ್ಲ ಮನೆಗಳನ್ನು ತಲುಪಲು ಅಲ್ಲ ಎಂದು ಅದು ಹೇಳಿತು.

ಈ ನಿಖರತೆಯ ಪಕ್ಕದಲ್ಲಿ 2022ರ ನವೆಂಬರ್ 9ರ ಮಾರ್ಗಸೂಚಿಯನ್ನು ಇಟ್ಟು ನೋಡಬೇಕು. ಅಪ್‌ಲಿಂಕಿಂಗ್ ಎಂದರೆ ವಾಹಿನಿಯ ಸಂಕೇತವನ್ನು ನೆಲದಿಂದ ಉಪಗ್ರಹಕ್ಕೆ ಏರಿಸುವುದು, ಡೌನ್‌ಲಿಂಕಿಂಗ್ ಎಂದರೆ ಅದನ್ನು ಇಳಿಸಿಕೊಂಡು ವಿತರಿಸುವುದು. ಇವೆರಡಕ್ಕೆ ಅನುಮತಿ ನೀಡುವ ಈ ಮಾರ್ಗಸೂಚಿ, ವಾಯುತರಂಗ ಸಾರ್ವಜನಿಕ ಸ್ವತ್ತೆಂಬ ತತ್ವವನ್ನೇ ಆಧಾರವಾಗಿಟ್ಟುಕೊಂಡು, ದಿನಕ್ಕೆ ಕನಿಷ್ಠ 30 ನಿಮಿಷ ಸಾರ್ವಜನಿಕ ಸೇವಾ ಪ್ರಸಾರ ನಡೆಯಬೇಕೆಂದಿತು. ಶಿಕ್ಷಣ ಮತ್ತು ಸಾಕ್ಷರತೆ, ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ, ಆರೋಗ್ಯ ಮತ್ತು ಕುಟುಂಬ ಕಲ್ಯಾಣ, ವಿಜ್ಞಾನ ಮತ್ತು ತಂತ್ರಜ್ಞಾನ, ಮಹಿಳೆಯರ ಕಲ್ಯಾಣ, ದುರ್ಬಲ ವರ್ಗಗಳ ಕಲ್ಯಾಣ, ಪರಿಸರ ಹಾಗೂ ಸಾಂಸ್ಕೃತಿಕ ಪರಂಪರೆಯ ರಕ್ಷಣೆ, ರಾಷ್ಟ್ರೀಯ ಏಕತೆ ಎಂಬ ಎಂಟು ವಿಷಯಗಳನ್ನು ಅದು ಹೆಸರಿಸುತ್ತದೆ. 2023ರ ಜನವರಿ 30ರ ಸಲಹಾಪತ್ರ ವಿವರಗಳನ್ನು ತುಂಬಿತು: ಅರ್ಧ ಗಂಟೆ ಒಟ್ಟಿಗೆ ಇರಬೇಕಿಲ್ಲ, ಚೂರುಚೂರಾಗಿ ಹಂಚಬಹುದು, ಬೇರೆ ಕಾರ್ಯಕ್ರಮದೊಳಗೆ ಹೆಣೆದುಕೊಂಡ ಸಂದೇಶವನ್ನೂ ಲೆಕ್ಕಕ್ಕೆ ಹಿಡಿಯಬಹುದು, ವಾಹಿನಿಗಳು ಪರಸ್ಪರ ಹಂಚಿಕೊಳ್ಳಬಹುದು, ಮರುಪ್ರಸಾರ ಮಾಡಬಹುದು, ಮಧ್ಯರಾತ್ರಿಯಿಂದ ಬೆಳಗಿನ ಆರರವರೆಗಿನ ಸಮಯ ಮಾತ್ರ ಲೆಕ್ಕಕ್ಕಿಲ್ಲ. ಮಾರ್ಚ್ 1ರಿಂದ ಜಾರಿಗೆ ಬಂದ ಈ ಏರ್ಪಾಡಿನಲ್ಲಿ ವಾಹಿನಿ ಪ್ರತಿ ತಿಂಗಳು ಬ್ರಾಡ್‌ಕಾಸ್ಟ್ ಸೇವಾ ತಾಣದಲ್ಲಿ ಸ್ವಯಂ ಘೋಷಣೆ ಸಲ್ಲಿಸುತ್ತದೆ, ಪ್ರಸಾರವಾದ ದಾಖಲೆಯನ್ನು 90 ದಿನ ಇಟ್ಟುಕೊಳ್ಳುತ್ತದೆ.

ಈ ಲೆಕ್ಕ ದಿನವೊಂದರಲ್ಲಿ ಹೇಗೆ ತುಂಬಬಹುದೆಂದು ಊಹಿಸುವುದು ಕಷ್ಟವಲ್ಲ. ಬೆಳಿಗ್ಗೆ ಆಸ್ಪತ್ರೆಯೊಂದರ ಪ್ರಾಯೋಜಕತ್ವದಲ್ಲಿ ಅದೇ ಆಸ್ಪತ್ರೆಯ ವೈದ್ಯರು ಮಂಡಿನೋವಿನ ಬಗ್ಗೆ ವೀಕ್ಷಕರ ಕರೆಗಳಿಗೆ ಉತ್ತರಿಸಿದರೆ ಅದನ್ನು ಆರೋಗ್ಯದ ಖಾತೆಗೆ ಹಾಕಬಹುದು. ಸಂಜೆಯ ಧಾರಾವಾಹಿಯಲ್ಲಿ ಸೊಸೆ ಅತ್ತೆಯೆದುರು ನಾದಿನಿಯ ಓದನ್ನು ನಿಲ್ಲಿಸಬಾರದೆಂದು ವಾದಿಸುವ ನಾಲ್ಕು ನಿಮಿಷದ ದೃಶ್ಯ ಮಹಿಳಾ ಕಲ್ಯಾಣವಾಗಬಹುದು, ಮುಂದಿನ ಕಂತಿನಲ್ಲಿ ಆ ನಾದಿನಿಗೆ ವಿಷವಿಕ್ಕುವ ಸಂಚು ನಡೆದರೂ ಲೆಕ್ಕಕ್ಕೆ ಬಾಧಕವಿಲ್ಲ. ದೇವಸ್ಥಾನದ ಜಾತ್ರೆಯ ವರದಿ ಪರಂಪರೆಯ ರಕ್ಷಣೆಯಾಗಬಹುದು. ಇವುಗಳಲ್ಲಿ ಯಾವುದೂ ಸುಳ್ಳಲ್ಲ, ಯಾವುದರಲ್ಲೂ ನಿಯಮದ ಉಲ್ಲಂಘನೆಯಿಲ್ಲ. ಆದರೆ ಬಾಧ್ಯತೆ ಬರುವ ಮುನ್ನ ವಾಹಿನಿ ಏನು ಮಾಡುತ್ತಿತ್ತೋ ಬಂದ ಮೇಲೂ ಅದನ್ನೇ ಮಾಡುತ್ತ ತಿಂಗಳಿಗೊಂದು ನಮೂನೆ ತುಂಬಿದರೆ ಸಾಕಾಗುವಂತಿದ್ದರೆ, ಅದಕ್ಕೆ ಬಾಧ್ಯತೆಯೆಂಬ ಹೆಸರು ಒಪ್ಪುವುದಿಲ್ಲ.

ಇದು ಸಡಿಲತೆಯ ದೋಷ. ಬಿಗಿತದ ದೋಷವೂ ಅದೇ ಮಾರ್ಗಸೂಚಿಯಲ್ಲಿ ಅಡಗಿದೆ. ರಾಷ್ಟ್ರಹಿತದ ವಿಷಯಗಳ ಪ್ರಸಾರಕ್ಕಾಗಿ ಕೇಂದ್ರ ಸರ್ಕಾರ ಕಾಲಕಾಲಕ್ಕೆ ಸಲಹೆ ನೀಡಬಹುದು, ವಾಹಿನಿಗಳು ಅದನ್ನು ಪಾಲಿಸಬೇಕು ಎಂಬ ಅಂಶ ಅಲ್ಲಿದೆ. ಮಾತನಾಡುವ ಸ್ವಾತಂತ್ರ್ಯದಲ್ಲಿ ಒಲ್ಲದ್ದನ್ನು ಆಡದಿರುವ ಸ್ವಾತಂತ್ರ್ಯವೂ ಸೇರಿದೆಯಲ್ಲವೇ ಎಂಬ ಪ್ರಶ್ನೆಗೆ ಈ ದೇಶದಲ್ಲಿ ಒಂದು ಪೂರ್ವನಿದರ್ಶನವಿದೆ. ಚಿತ್ರಮಂದಿರಗಳಲ್ಲಿ ಮುಖ್ಯ ಚಿತ್ರಕ್ಕೆ ಮುನ್ನ ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್ನಿನ ವಾರ್ತಾಚಿತ್ರ, ಸಾಕ್ಷ್ಯಚಿತ್ರಗಳನ್ನು ಕಡ್ಡಾಯವಾಗಿ ತೋರಿಸಬೇಕಿತ್ತು, ಅದಕ್ಕಾಗಿ ಮಾಲೀಕರು ನಿವ್ವಳ ಗಳಿಕೆಯ ನೂರಕ್ಕೊಂದು ಭಾಗವನ್ನು ತೆರಬೇಕಿತ್ತು. ಪ್ರೇಕ್ಷಕರಲ್ಲಿ ಅನೇಕರು ಅದು ಮುಗಿಯುವವರೆಗೆ ಹೊರಗೆ ಕಡಲೆಕಾಯಿ ತಿನ್ನುತ್ತಿದ್ದರೆಂಬುದು ಬೇರೆ ಮಾತು. 1999ರಲ್ಲಿ ಸುಪ್ರೀಂ ಕೋರ್ಟ್ ಈ ಕಡ್ಡಾಯವನ್ನು ಎತ್ತಿಹಿಡಿಯುವಾಗ, ಹೇರಿದ ಮಾತು ಜನರ ತಿಳಿವನ್ನು ಹೆಚ್ಚಿಸುವಂಥದ್ದಾದರೆ ಸಮ್ಮತ, ಒಂದೇ ಪಕ್ಷದ ಪ್ರಚಾರವಾದರೆ ಅಸಮ್ಮತ ಎಂಬ ಒರೆಗಲ್ಲನ್ನೂ ಕೊಟ್ಟಿತು. ಆ ಒರೆಗಲ್ಲನ್ನು ಹಿಡಿಯುವ ಕೈ ಯಾರದು ಎಂಬಲ್ಲಿಗೆ ಪ್ರಶ್ನೆ ಬಂದು ನಿಲ್ಲುತ್ತದೆ. ಅನುಮತಿ ಕೊಡುವ, ನವೀಕರಿಸುವ, ಜಾಹೀರಾತು ಕೊಡುವ, ನಮೂನೆ ಪರಿಶೀಲಿಸುವ, ಸಲಹೆ ಹೊರಡಿಸುವ ಅಧಿಕಾರಗಳೆಲ್ಲ ಒಂದೇ ಸಚಿವಾಲಯದ ಸೂರಿನಡಿ ಇರುವಾಗ, ಯಾವ ಪಕ್ಷದ ಸರ್ಕಾರವೇ ಇರಲಿ, ಸಾರ್ವಜನಿಕ ಸೇವೆ ಸರ್ಕಾರಿ ಸೇವೆಯಾಗಿ ಜಾರುವ ಭಯ ಅಕಾರಣವಲ್ಲ.

ಈ ಎರಡು ದೋಷಗಳಿಂದ ಪಾರಾಗುವ ದಾರಿ ವಿಷಯಗಳ ಪಟ್ಟಿಯನ್ನು ಬಿಟ್ಟು, ಅಳೆಯಬಹುದಾದ ಹಾಗೂ ಯಾರ ಪ್ರಚಾರಕ್ಕೂ ಬಳಕೆಯಾಗದ ಕರ್ತವ್ಯಗಳ ಕಡೆಗೆ ತಿರುಗುವುದರಲ್ಲಿದೆ. 2019ರ ಸೆಪ್ಟೆಂಬರ್‌ನಲ್ಲಿ ಶ್ರವಣದೋಷವುಳ್ಳವರಿಗಾಗಿ ಹೊರಬಂದ ಮಾನದಂಡಗಳು ಇದಕ್ಕೆ ಒಳ್ಳೆಯ ಮಾದರಿ: ಸುದ್ದಿವಾಹಿನಿಗಳಲ್ಲಿ ದಿನಕ್ಕೊಂದು ವಾರ್ತೆ ಸಂಜ್ಞಾಭಾಷೆಯೊಂದಿಗೆ ಬರಬೇಕು, ಕಾರ್ಯಕ್ರಮಗಳಿಗೆ ತೆರೆಬರಹ ಹಂತಹಂತವಾಗಿ ಹೆಚ್ಚಬೇಕು ಎಂಬುದು ಅವುಗಳ ಆಶಯ. ತೆರೆಯ ಮೂಲೆಯಲ್ಲಿ ಸಂಜ್ಞಾಭಾಷೆಯವರು ಇದ್ದಾರೆಯೇ ಇಲ್ಲವೇ ಎಂಬುದನ್ನು ಯಾರು ಬೇಕಾದರೂ ನೋಡಿ ಹೇಳಬಲ್ಲರು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಬೇಕಾಗಿದ್ದಂಥ ಮಾಹಿತಿ, ಅಂದರೆ ಯಾವ ರಸ್ತೆ ಮುಚ್ಚಿದೆ, ಯಾವ ಊರಿನಲ್ಲಿ ಪರಿಹಾರ ಶಿಬಿರವಿದೆ ಎಂಬ ನಿರ್ದಿಷ್ಟ ವಿವರವನ್ನು ನಿಗದಿತ ಹೊತ್ತಿಗೆ ಕೊಡುವ ಕರ್ತವ್ಯವೂ ಇದೇ ಜಾತಿಗೆ ಸೇರುತ್ತದೆ. ರಾಜಧಾನಿಯ ಹೊರಗಿನ ಜಿಲ್ಲೆಗಳ ಸುದ್ದಿಗೆ ನಿಮಿಷಗಳ ಲೆಕ್ಕ ಕಟ್ಟುವುದೂ ಸಾಧ್ಯ.

ಮಕ್ಕಳ ಕಾರ್ಯಕ್ರಮದ ಪ್ರಶ್ನೆ ಇಷ್ಟು ಸುಲಭವಲ್ಲ, ಏಕೆಂದರೆ ಅದಕ್ಕೆ ಹಣ ಬೇಕು. ಕನ್ನಡದಲ್ಲಿ ಮಕ್ಕಳಿಗೆ ಸಿಗುವುದು ಬಹುತೇಕ ಹೊರಗೆ ತಯಾರಾಗಿ ಕನ್ನಡದ ಧ್ವನಿ ಪಡೆದ ಕಾರ್ಟೂನು. ದೊಡ್ಡವರ ಚಿತ್ರಗಳ ಡಬ್ಬಿಂಗ್ ವಿರುದ್ಧ ದಶಕಗಳ ಕಾಲ ಬೀದಿಗಿಳಿದ ಕನ್ನಡ ಲೋಕ ಮಕ್ಕಳ ಪಾಲಿನ ಡಬ್ಬಿಂಗನ್ನು ಗಮನಿಸಿದ್ದು ಕಡಿಮೆ. ಖಾಸಗಿ ವಾಹಿನಿ ಮನಸ್ಸು ಮಾಡಿದರೆ ಏನಾಗುತ್ತದೆಂಬುದಕ್ಕೆ ಈಟಿವಿ ಕನ್ನಡದ ದಿನಗಳು ಸಾಕ್ಷಿಯಾಗಿವೆ: ರೈತರಿಗಾಗಿ ಅನ್ನದಾತ, ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸಿಕೊಟ್ಟ ಎದೆ ತುಂಬಿ ಹಾಡುವೆನು, ಇವಾವುವೂ ಕಾನೂನಿನ ಒತ್ತಾಯದಿಂದ ಬಂದವಲ್ಲ. ಆದರೆ ಮಾಲೀಕರ ಅಭಿರುಚಿಯ ಮೇಲೆ ನಿಂತದ್ದಕ್ಕೆ ಮಾಲೀಕರು ಬದಲಾದ ದಿನ ಆಸರೆಯಿರುವುದಿಲ್ಲ. ಆ ವಾಹಿನಿಯೇ 2015ರಲ್ಲಿ ಹೆಸರು ಬದಲಿಸಿ ಕಲರ್ಸ್ ಕನ್ನಡವಾಯಿತು. ನ್ಯೂಜಿಲೆಂಡ್ 1989ರಿಂದ ನಡೆಸಿಕೊಂಡು ಬಂದ ಮಾದರಿಯಲ್ಲಿ ಸಾರ್ವಜನಿಕ ನಿಧಿಯೊಂದು ವಾಹಿನಿಗೆ ಬದಲಾಗಿ ಕಾರ್ಯಕ್ರಮಕ್ಕೆ ಹಣ ಕೊಡುತ್ತದೆ, ತಯಾರಕರು ಸ್ಪರ್ಧಿಸಿ ಪಡೆಯುತ್ತಾರೆ, ವಾಣಿಜ್ಯ ವಾಹಿನಿಗಳೂ ಅದನ್ನು ಪ್ರಸಾರ ಮಾಡಬಹುದು. ಬ್ರಿಟನ್ ಮಕ್ಕಳಿಗಾಗಿ 2019ರಲ್ಲಿ ಇಂಥದೇ ನಿಧಿಯನ್ನು ಆರಂಭಿಸಿ ಮೂರು ವರ್ಷಕ್ಕೆ ನಿಲ್ಲಿಸಿತು. ವಾರ್ಷಿಕ ಮುಂಗಡಪತ್ರದ ಕೃಪೆಯಲ್ಲಿ ನಿಧಿ ಬದುಕಬಾರದೆಂಬುದು ಅದರ ಪಾಠ. ಭಾರತದಲ್ಲಿ ಅರ್ಧ ಗಂಟೆಯನ್ನು ಸ್ವತಃ ತುಂಬಲಾರದ ವಾಹಿನಿ ಅದರ ಬದಲಿಗೆ ನಿಧಿಗೆ ಹಣ ಕಟ್ಟುವ ಅವಕಾಶ ಕೊಟ್ಟು, ದೂರದರ್ಶನದ ಉಚಿತ ಡಿಟಿಎಚ್ ಸೇವೆಯಾದ ಡಿಡಿ ಫ್ರೀ ಡಿಶ್‌ನಲ್ಲಿ ಜಾಗ ಪಡೆಯಲು ಖಾಸಗಿ ವಾಹಿನಿಗಳು ಹರಾಜಿನಲ್ಲಿ ತೆರುವ ಹಣದ ಒಂದು ಪಾಲನ್ನು ಅದಕ್ಕೆ ಸೇರಿಸಿದರೆ, ಕನ್ನಡ, ತುಳು, ಕೊಂಕಣಿ, ಕೊಡವ ಭಾಷೆಗಳಲ್ಲಿ ಮಕ್ಕಳ ಕಾರ್ಯಕ್ರಮ ತಯಾರಿಸುವವರಿಗೆ ಆಧಾರ ಸಿಗುತ್ತದೆ.

ಇದನ್ನೆಲ್ಲ ಮಾಡಲು ಸಮಯ ಮಾತ್ರ ಹೆಚ್ಚಿಲ್ಲ. 2023ರಿಂದ 2027ರವರೆಗಿನ ಐಪಿಎಲ್ ಪಂದ್ಯಗಳಿಗೆ ಭಾರತ ಉಪಖಂಡದ ಟಿವಿ ಹಕ್ಕು 23,575 ಕೋಟಿ ರೂಪಾಯಿಗೆ ಹೋದಾಗ, ಅದೇ ಪಂದ್ಯಗಳ ಡಿಜಿಟಲ್ ಹಕ್ಕು 20,500 ಕೋಟಿಗೆ ಹೋಯಿತು. ಅಂತರ್ಜಾಲದಲ್ಲಿ ಹರಿಯುವ ಕಾರ್ಯಕ್ರಮ ಪ್ರಸಾರದ ತರಂಗವನ್ನು ಬಳಸುವುದಿಲ್ಲ, ಹಾಗಾಗಿ ವಾಯುತರಂಗ ಸಾರ್ವಜನಿಕ ಸ್ವತ್ತೆಂಬ ವಾದ ಅದನ್ನು ಮುಟ್ಟುವುದೇ ಇಲ್ಲ. ಹಣ ಆ ಕಡೆಗೆ ಹರಿದಷ್ಟೂ ಬಾಧ್ಯತೆ ಹೊತ್ತ ವಾಹಿನಿಗಳು ತಮಗೆ ಮಾತ್ರ ಏಕೆ ಈ ಹೊರೆ ಎಂದು ಕೇಳುತ್ತವೆ, ಆ ಪ್ರಶ್ನೆ ನ್ಯಾಯವಾದದ್ದೇ. ಟಿವಿ, ಅಂತರ್ಜಾಲ ಎರಡಕ್ಕೂ ಅನ್ವಯಿಸುವ ಉದ್ದೇಶದಿಂದ 2023ರ ನವೆಂಬರ್‌ನಲ್ಲಿ ಪ್ರಕಟವಾದ ಪ್ರಸಾರ ಸೇವೆಗಳ ಕರಡು ಮಸೂದೆ ನಿಯಂತ್ರಣದ ಬಗ್ಗೆ ಸಾಕಷ್ಟು ಹೇಳಿ, ಸ್ವತಂತ್ರ ಪ್ರಾಧಿಕಾರದ ಬಗ್ಗೆ ಮೌನ ವಹಿಸಿ, ವಿವಾದಕ್ಕೆ ಸಿಲುಕಿ ಹಿಂದೆ ಸರಿಯಿತು. ಸಾರ್ವಜನಿಕ ಅಭಿಪ್ರಾಯಕ್ಕೆಂದು ಅಂಥ ಕರಡು ಮತ್ತೆ ಬರುವ ಹೊತ್ತಿಗೆ ಕನ್ನಡಿಗರ ಬಳಿ ಅಭಿಪ್ರಾಯದ ಜೊತೆಗೆ ಪುರಾವೆಯೂ ಇರಬೇಕು. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಪತ್ರಿಕೋದ್ಯಮ ವಿಭಾಗಗಳಿಗೆ ಕೊರತೆಯಿಲ್ಲ. ಬೆಳಗಿನ ಆರರಿಂದ ಮಧ್ಯರಾತ್ರಿಯವರೆಗೆ ಕನ್ನಡ ವಾಹಿನಿಗಳನ್ನು ವಾರಗಟ್ಟಲೆ ದಾಖಲಿಸಿ, ಯಾವ ಜಿಲ್ಲೆಗೆ ಎಷ್ಟು ನಿಮಿಷ, ಮಕ್ಕಳಿಗೆ ಎಷ್ಟು, ಸಂಜ್ಞಾಭಾಷೆಗೆ ಎಷ್ಟು ಎಂದು ಎಣಿಸಿ ಕನ್ನಡದಲ್ಲಿಯೇ ಪ್ರಕಟಿಸುವ ಕೆಲಸವನ್ನು ಅವು ಈ ಶೈಕ್ಷಣಿಕ ವರ್ಷದಲ್ಲೇ ಕೈಗೆತ್ತಿಕೊಳ್ಳಲಿ.